ಬಿಸಿಲುಗಾಲದಲ್ಲಿ ವೈನ್ ಇಟ್ಟೆ

ಕಲಬುರಗಿಯಲ್ಲಿ ದ್ರಾಕ್ಷಿ ಅಗ್ಗವಾಗುವುದೂ ಬಿಸಿಲು ಏರುವುದೂ ಒಟ್ಟಿಗೇ. ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಕಣ್ಣಿ ಮಾರ್ಕೆಟ್‌ನಿಂದ 3 ಕೆಜಿ ಕಪ್ಪು ದ್ರಾಕ್ಷಿ ತಂದೆ. ಎದುರು ಮನೆಯ ಆಂಟಿ ಮಂಗಳೂರು ಕಡೆಯವರು. ಕ್ರಿಸ್ಮಸ್‌ಗೆ ಅವರು ಕೊಟ್ಟಿದ್ದ ಅರ್ಧ ಗ್ಲಾಸ್ ವೈನಿನ ರುಚಿ ನಾಲಿಗೆಯಿಂದ ಹೋಗಿರಲಿಲ್ಲ. ಅವರನ್ನು ಕೇಳಿಯೇ ಶುರು ಮಾಡಬೇಕಿತ್ತು. ಆದರೆ ಮಗಳ ಬಾಣಂತನಕ್ಕೆಂದು ಅವರು ಊರಿಗೆ ಹೋಗಿದ್ದರು, ನನಗೆ ತಡೆಯಲಾಗಲಿಲ್ಲ.

ಹಣ್ಣು ತೊಳೆದು, ಒರೆಸಿ, ಕೈಯಿಂದಲೇ ಕಿವುಚಿದೆ. 200 ಗ್ರಾಂ ಸಕ್ಕರೆ, ಚಿಟಿಕೆ ಬ್ರೆಡ್ ಈಸ್ಟ್. ಡಬ್ಬಿ ಮಾವಿನ ಉಪ್ಪಿನಕಾಯಿಯದು. ಮೂರು ಸಲ ತೊಳೆದರೂ ಮುಚ್ಚಳದ ರಬ್ಬರಿನಲ್ಲಿ ಇಂಗಿನ ವಾಸನೆ ಉಳಿದಿತ್ತು. ಗಟ್ಟಿಯಾಗಿ ತಿರುವಿ ಮುಚ್ಚಿ ಅಡುಗೆಮನೆಯ ಅಟ್ಟಕ್ಕೆ ಏರಿಸಿದೆ.

ಎರಡನೇ ರಾತ್ರಿ ಢಬ್ ಎಂದಿತು. ಅವ್ವ ಎದ್ದು ಕೂತು, "ಯವ್ವಾ, ಏನಾತು? ಸಿಲಿಂಡರ್ ಏನ?" ಎಂದು ಕೂಗಿದಳು. ಮುಚ್ಚಳ ಮೂಲೆಗೆ ಹಾರಿತ್ತು, ಗೋಡೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಇಳಿಯುತ್ತಿದ್ದವು. ಈಸ್ಟ್ ಸಕ್ಕರೆ ತಿಂದಷ್ಟೂ ಮದ್ಯಸಾರದ ಜೊತೆಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದಕ್ಕೆ ಹೊರಬೀಳಲು ನಾನು ದಾರಿಯನ್ನೇ ಬಿಟ್ಟಿರಲಿಲ್ಲ. ಗಾಜು ಒಡೆದಿದ್ದರೆ ಎಂದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಹೆದರಿಕೆಗೆ ಮುಂದೆ ಬರೀ ಬಟ್ಟೆ ಕಟ್ಟಿಟ್ಟೆ. ಹತ್ತು ದಿನಕ್ಕೆ ಸೋಸಿದೆ. ಅರ್ಧ ಚೆಲ್ಲಿ ಹೋಗಿದ್ದ ಡಬ್ಬಿಗೇ ಮತ್ತೆ ಸುರಿದು ಅದೇ ಬಟ್ಟೆ ಕಟ್ಟಿದೆ. ಏಪ್ರಿಲ್ ಬಂತು. ಹೊರಗೆ 41 ಡಿಗ್ರಿ, ಅಟ್ಟದಲ್ಲಿ ಕೈ ಇಟ್ಟರೆ ಒಲೆಯ ಪಕ್ಕ ನಿಂತ ಹಾಗೆ. ಈಸ್ಟಿಗೆ 20ರಿಂದ 30 ಡಿಗ್ರಿ ಒಗ್ಗುತ್ತದೆ, 40ರ ಹತ್ತಿರ ಅದು ಸೊರಗಿಬಿಡುತ್ತದೆ. ಬಟ್ಟೆಯ ಸುತ್ತ ಸಣ್ಣ ಹಣ್ಣುನೊಣಗಳು ಹಾರಾಡುತ್ತಿದ್ದವು. ಬಿಚ್ಚಿದರೆ ನೇಲ್ ಪಾಲಿಶ್ ವಾಸನೆ, ಮೇಲೆ ತೆಳ್ಳಗೆ ಬಿಳಿ ಪೊರೆ.

ಮೇ ತಿಂಗಳಲ್ಲಿ ಮರಳಿದ ಆಂಟಿ ಮೂಸಿ ನೋಡಿ, "ಎಂತ ಮಾರಾಯ್ತಿ, ಇದು ವಿನೆಗರ್ ಆಗಿದೆ. ಶುರುವಿಗೆ ಗಾಳಿ ಬೇಕು. ನೊರೆ ನಿಂತ ಮೇಲೆ ಒಂಚೂರೂ ಗಾಳಿ ಬೇಡ" ಎಂದರು. ಹಣ್ಣಿನಷ್ಟೇ ತೂಕ ಸಕ್ಕರೆ ಹಾಕಿ ಎಂದು ಮೊಬೈಲಿನಲ್ಲಿ ನೋಡಿದ್ದೆ ಎಂದಾಗ, "ಅದು ಪಾನಕ" ಎಂದುಬಿಟ್ಟರು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಮದ್ಯಸಾರ ಬರುವುದು ಶೇ 1ರಷ್ಟು. ದ್ರಾಕ್ಷಿಯಲ್ಲೇ ಸಾಕಷ್ಟು ಸಿಹಿ ಇರುತ್ತದೆ, ಅತಿಯಾದರೆ ಈಸ್ಟ್ ಅರ್ಧಕ್ಕೇ ಕೈಬಿಡುತ್ತದೆ.

ಡಿಸೆಂಬರ್‌ವರೆಗೆ ಕಾದೆ. ಹೊಸ ಡಬ್ಬಿ, ಕುದಿಯುವ ನೀರಲ್ಲಿ ಅದ್ದಿ ಒಣಗಿಸಿದ ಮರದ ಸೌಟು. ಮೊದಲ ವಾರ ಬಟ್ಟೆ ಕಟ್ಟಿ, ಮೇಲೆ ತೇಲಿ ಒಣಗುತ್ತಿದ್ದ ಸಿಪ್ಪೆಯನ್ನು ಬೆಳಿಗ್ಗೆ ಸಂಜೆ ಒತ್ತಿ ಮುಳುಗಿಸಿದೆ. ಆಮೇಲೆ ಸೋಸಿ ಕತ್ತಿನವರೆಗೆ ತುಂಬಿ, ಮುಚ್ಚಳಕ್ಕೆ ತೂತು ಕೊರೆದು ಹೊಸ ಸಲೈನ್ ಪೈಪ್ ಸಿಕ್ಕಿಸಿ, ಸುತ್ತ ಮೇಣ ಮೆತ್ತಿದೆ. ಪೈಪಿನ ಇನ್ನೊಂದು ತುದಿ ನೀರಿನ ಲೋಟದಲ್ಲಿ. ಗಾಳಿ ಹೊರಗೆ ಬರುತ್ತದೆ, ಒಳಗೆ ಹೋಗುವುದಿಲ್ಲ.

ದೇವರ ಕೋಣೆಯ ಪಕ್ಕದ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ ಡಬ್ಬಿ ಇಟ್ಟಿದ್ದೆ. ಮನೆಯೆಲ್ಲ ಮಲಗಿದ ಮೇಲೆ ಲೋಟದಲ್ಲಿ ಗುಳುಕ್, ಸ್ವಲ್ಪ ಬಿಟ್ಟು ಮತ್ತೆ ಗುಳುಕ್. ಅವ್ವನೂ ಬಂದು ಪಕ್ಕ ಕೂತಳು.

"ಇನ್ನಾ ಉಸಿರಾಡಲಾಕತ್ತದ ನೋಡು," ಎಂದಳು.