ಜೆ.ಸಿ. ರಸ್ತೆಯಲ್ಲಿ ವಾಟರ್ ಪಂಪ್ ಆರಿಸಿದ ದಿನ

ನಮ್ಮ ಹಳೆಯ ವ್ಯಾಗನ್ ಆರ್‌ನಲ್ಲಿ ಎಂಜಿನ್ ತಂಪಿಡುವ ದ್ರವ, ಅಂದರೆ ಕೂಲಂಟ್, ಕಡಿಮೆಯಾಗುತ್ತಲೇ ಇತ್ತು. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ, ಆ ದ್ರವವನ್ನು ಎಂಜಿನ್ ತುಂಬ ಸುತ್ತಿಸುವ ವಾಟರ್ ಪಂಪಿನ ವೀಪ್ ಹೋಲ್ ಕೆಳಗೆ ಒಣಗಿದ ಗೆರೆ. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಹೋಗಲಿ ಎಂದೇ ಆ ಸಣ್ಣ ತೂತು ಬಿಟ್ಟಿರುತ್ತಾರೆ. ಅದನ್ನು ಪೇಸ್ಟ್ ಮೆತ್ತಿ ಮುಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಸೀಲಿನ ಜೊತೆ ಬೇರಿಂಗೂ ಹೋಗುತ್ತದೆ.

ಬೆಲ್ಟ್ ಬಿಚ್ಚಿ, ಅದು ತಿರುಗಿಸುವ ಚಕ್ರ ಪುಲ್ಲಿಯನ್ನು ಅಲ್ಲಾಡಿಸಿದೆ, ಸಡಿಲವಾಗಿತ್ತು. ಪಂಪ್ ಕಳಚಿ, ಬಟ್ಟೆಯಲ್ಲಿ ಸುತ್ತಿ, ಮೆಟ್ರೋ ಹತ್ತಿ ಬೆಂಗಳೂರಿನ ಗಾಡಿ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಗೆ ಹೋದೆ. ಹಳೆಯ ಪಾರ್ಟ್ ಕೈಯಲ್ಲಿದ್ದರೆ ಅಂಗಡಿಯಲ್ಲಿ ಮಾತು ಚುಟುಕಾಗುತ್ತದೆ.

‘ವಾಟರ್ ಬಾಡಿನಾ ಸಾರ್? ಕಂಪನೀದು ಬೇಕಾ, ಲೋಕಲ್ ಸಾಕಾ?’ ಎಂದರು ಕೌಂಟರಿನವರು. ಪಂಪಿಗೆ ಅಲ್ಲಿ ವಾಟರ್ ಬಾಡಿ ಎನ್ನುತ್ತಾರೆ. ಎರಡನ್ನೂ ಬಿಚ್ಚಿ ತೋರಿಸಿ ಎಂದೆ. ಬೇಸರಿಸದೆ ಮೇಜಿನ ಮೇಲೆ ಇಟ್ಟರು. ಆ ಕಾಲು ಗಂಟೆ ನನಗೆ ತುಂಬ ಇಷ್ಟವಾದದ್ದು.

ಹೊರಗಿನಿಂದ ಎರಡೂ ಒಂದೇ ಥರ ಹೊಳೆಯುತ್ತಿದ್ದವು. ಶಾಫ್ಟ್ ತಿರುಗಿಸಿದಾಗ ಬಣ್ಣ ಬಯಲಾಯಿತು. ಒಳ್ಳೆಯದು ಸೀಲಿನ ಹಿಡಿತದಿಂದ ಸ್ವಲ್ಪ ಬಿಗಿಯಾಗಿ, ಒಂದೇ ಸಮನೆ ತಿರುಗಿತು. ಅಗ್ಗದ್ದರಲ್ಲಿ ಸಣ್ಣ ಗರಗರ. ಪುಲ್ಲಿ ಕೂರುವ ಮುಖವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಗಿಸಿದರೆ ಓಲಾಟವೂ ಕಂಡಿತು. ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಕೂರುವ ಜಾಗದಲ್ಲಿ ಉಗುರು ಆಡಿಸಿದೆ, ಒರಟು. ಇನ್ನು ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಗಳ ಚಕ್ರ. ಹಳೆಯದರ ಪಕ್ಕ ಇಟ್ಟು ರೆಕ್ಕೆಗಳ ಎತ್ತರ, ಬಾಗು, ಸಂಖ್ಯೆ ಹೋಲಿಸಿದೆ. ಅಗ್ಗದ್ದರ ರೆಕ್ಕೆ ಗಿಡ್ಡ. ತಗಡಿನದೋ, ಎರಕದ್ದೋ, ಪ್ಲಾಸ್ಟಿಕ್ಕೋ ಎಂದು ಜನ ವಾದ ಮಾಡುತ್ತಾರೆ. ನನ್ನ ಪ್ರಕಾರ ಎಂಜಿನ್ ಮಾಡಿದವರು ಕೊಟ್ಟ ಆಕಾರ, ಅಳತೆ ಉಳಿದಿದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ರೆಕ್ಕೆ ಗಿಡ್ಡವಾದರೆ ಒಳಗೆ ಸಂದು ಹೆಚ್ಚಿ ನೀರು ತಳ್ಳುವ ಶಕ್ತಿ ಕುಗ್ಗುತ್ತದೆ. ಹೈವೇಯಲ್ಲಿ ಅದು ಗೊತ್ತಾಗದೆ ಹೋಗಬಹುದು. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಎಂಜಿನ್ ಐಡಲಿನಲ್ಲಿರುತ್ತದೆ, ಬೆಲ್ಟಿಗೆ ಕಟ್ಟುಬಿದ್ದ ಪಂಪೂ ನಿಧಾನ, ಎದುರುಗಾಳಿಯೂ ಇಲ್ಲ. ಅದರ ಮೇಲೆ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಒತ್ತಡ ಮತ್ತು ಕೂಲಂಟಿನಲ್ಲಿರುವ ಗ್ಲೈಕಾಲ್ ಎಂಬ ರಾಸಾಯನಿಕ ಆ ಮಟ್ಟವನ್ನು ಮೇಲೆತ್ತಿ ನಮ್ಮನ್ನು ಕಾಪಾಡುತ್ತಿವೆ.

ಕಂಪನಿಯದನ್ನೇ ಕೊಂಡೆ. ಡಬ್ಬದ ಪಾರ್ಟ್ ನಂಬರ್ ನನ್ನ ಗಾಡಿಗೆ ಹೇಳಿದ್ದೇ ಎಂದು ತಾಳೆ ನೋಡಿ, ಬಿಲ್ ಬರೆಸಿಕೊಂಡೆ. ನಕಲಿ ಡಬ್ಬಗಳೂ ಓಡಾಡುವುದರಿಂದ ಬಿಲ್ ಕೊಡದ ಅಂಗಡಿಯ ಮೆಟ್ಟಿಲು ಹತ್ತಬಾರದು. ವಾಲ್ವ್ ತೆರೆದು ಮುಚ್ಚುವ ಸಮಯ ಕಾಯುವ ಟೈಮಿಂಗ್ ಬೆಲ್ಟಿನಿಂದಲೇ ಪಂಪ್ ತಿರುಗುವ ಗಾಡಿ ನಿಮ್ಮದಾದರೆ ಇನ್ನೂ ಎಚ್ಚರದಿಂದಿರಿ. ಅಲ್ಲಿ ಪಂಪ್ ಜಾಮ್ ಆಗಿ ಬೆಲ್ಟ್ ಕಿತ್ತರೆ, ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ.

ಕೂರಿಸುವ ಕೆಲಸ ಸರಾಗವಾಗಿ ಮುಗಿಯಿತು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಅಲ್ಯೂಮಿನಿಯಂ ಗೀಚದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆದೆ, ಬೋಲ್ಟ್‌ಗಳನ್ನು ಎದುರುಬದುರಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಕೂಲಂಟ್ ತುಂಬುವ ಮೊದಲು ಸ್ಟಾರ್ಟ್ ಮಾಡಿ ನೋಡೋಣ ಎಂದ ಪಕ್ಕದ ಮನೆಯ ಹುಡುಗನನ್ನು ತಡೆದೆ. ಸೀಲಿನ ಮುಖಗಳು ತಂಪಾಗಿರುವುದು ಆ ದ್ರವದಿಂದಲೇ, ಒಣಗಿ ತಿರುಗಿದರೆ ಹೊಸ ಸೀಲೂ ಸುಡುತ್ತದೆ.

ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯುವುದರ ಬಗ್ಗೆ ನನಗೆ ಸಿಟ್ಟೇ ಇದೆ. ಅದರ ಸುಣ್ಣ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟುತ್ತದೆ, ಸೀಲನ್ನು ಉಜ್ಜುತ್ತದೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ ಬೆರೆಸಿ ಸುರಿದೆ. ಹೀಟರ್ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದು, ತಣ್ಣಗಿದ್ದ ಎಂಜಿನ್ ಆಗ ಸ್ಟಾರ್ಟ್ ಮಾಡಿ, ಒಳಗೆ ಸಿಕ್ಕಿದ್ದ ಗಾಳಿಯ ಗುಳ್ಳೆಗಳು ನಿಲ್ಲುವವರೆಗೂ ಕಾದೆ.

ಹಳೆಯ ಕೂಲಂಟನ್ನು ಮೋರಿಗೆ ಚೆಲ್ಲಲಿಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿ ವಿಷ, ಬೀದಿನಾಯಿಗಳು ನೆಕ್ಕಿ ಸಾಯುತ್ತವೆ. ಕ್ಯಾನಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಅಂಥದ್ದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಸಂಜೆಯೇ ಕೊಟ್ಟು ಬಂದೆ.