ಕತ್ತರಿ ಎತ್ತುವ ಮುಂಚೆ

ಡಯಾಲಿಸಿಸ್ ಯೂನಿಟ್‌ಗೆ ಸ್ಟಾಫ್ ನರ್ಸ್ ಆಗಿ ಸೇರಿದ ಹೊಸತು. ವಯಸ್ಸಾದ ಒಬ್ಬ ಅಮ್ಮ, ಎಡಗೈಗೆ ಫಿಸ್ಟುಲಾ ಮಾಡಿಸಿದ್ದರು, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ್ದು. ಅದೇ ಮಣಿಕಟ್ಟಿಗೆ ದರ್ಗಾದಲ್ಲಿ ಕಟ್ಟಿಸಿಕೊಂಡ ಕಪ್ಪು ದಾರ, ಬಿಗಿಯಾಗಿ ಎರಡು ಸುತ್ತು. ಫಿಸ್ಟುಲಾ ಇರುವ ಕೈಯಲ್ಲಿ ಬಿ.ಪಿ. ಕೂಡ ನೋಡುವುದಿಲ್ಲ. ಒತ್ತಡ ಬಿದ್ದರೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಬಹುದು, ಮತ್ತೆ ಆಪರೇಷನ್ನೇ ಗತಿ. ನಾನು ಕತ್ತರಿ ತಗೊಂಡು ದಾರ ಕತ್ತರಿಸಿ ಆಸ್ಪತ್ರೆ ಕಸದ ಹಳದಿ ಬಕೆಟ್‌ಗೆ ಹಾಕಿದೆ.

ನಾಲ್ಕು ಗಂಟೆ ಆಕೆ ತುಟಿ ಬಿಚ್ಚಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದಾಗ ಹೇಳಿದರು: “ಕೇಳಿದ್ದಿದ್ರೆ ನಾನೇ ಬಿಚ್ಚಿ ಸೆರಗಲ್ಲಿ ಕಟ್ಕೋತಿದ್ದೆನಲ್ಲಮ್ಮಾ.”

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಕೆಲಸಕ್ಕೆ ಸೇರಿದ ದಿನ ನನ್ನ ಕೈಯಲ್ಲೂ ಧರ್ಮಸ್ಥಳದ ದಾರವಿತ್ತು. ಮಣಿಕಟ್ಟಿನ ದಾರದಲ್ಲಿ ಸೋಂಕು ಉಳಿಯುತ್ತದೆ, ಕೈ ಸರಿಯಾಗಿ ತೊಳೆಯಲಾಗುವುದಿಲ್ಲ ಎಂದು ನಮ್ಮ ಇನ್‌ಚಾರ್ಜ್ ಸಿಸ್ಟರ್ ವಿವರಿಸಿ, “ಮನೇಲಿ ದೇವರ ಮುಂದೆ ಇಟ್ಟು ಬಾಮ್ಮ” ಎಂದಿದ್ದರು. ನನಗೆ ಸಿಕ್ಕ ಮರ್ಯಾದೆಯನ್ನು ನಾನು ಆ ಅಮ್ಮನಿಗೆ ಕೊಟ್ಟಿರಲಿಲ್ಲ.

ಹಬ್ಬದ ವಿಷಯದಲ್ಲೂ ಹಾಗೇ ಎಡವಿದೆ. ಸಂಕ್ರಾಂತಿಗೆ ಎಲ್ಲ ಬೆಡ್‌ಗಳಿಗೂ ಎಳ್ಳುಬೆಲ್ಲದ ಪೊಟ್ಟಣ ಹಂಚಲು ಹೊರಟಿದ್ದೆ. ಕಡಲೆಬೀಜ, ಕೊಬ್ಬರಿ, ಎಳ್ಳು, ಬೆಲ್ಲ, ಎಲ್ಲದರಲ್ಲೂ ಪೊಟ್ಯಾಸಿಯಂ. ಕಿಡ್ನಿ ಕೆಲಸ ಮಾಡದವರಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಸಿಸ್ಟರ್ ತಡೆದರು. ಈಗ ಕೈಗೆ ಪೊಟ್ಟಣ ಕೊಡುವುದಿಲ್ಲ, ಹತ್ತಿರ ಹೋಗಿ “ಒಳ್ಳೆ ಮಾತಾಡೋಣ” ಅಂತ ಮಾತ್ರ ಹೇಳುತ್ತೇನೆ. ಅಷ್ಟಕ್ಕೇ ಮುಖ ಅರಳುತ್ತದೆ.

ರಂಜಾನ್‌ನಲ್ಲಿ ಈ ವಿಚಾರಿಸುವಿಕೆ ಇನ್ನೂ ಮುಖ್ಯ. ಬೈಯುತ್ತಾರೆಂಬ ಭಯವಿದ್ದರೆ ರೋಗಿಗಳು ಉಪವಾಸ ಮುಚ್ಚಿಡುತ್ತಾರೆ. ಮಾತ್ರೆ ತಪ್ಪಿರುತ್ತದೆ, ಮೆಷಿನ್ ಮೇಲೆ ಬಿ.ಪಿ. ಇಳಿಯುತ್ತದೆ, ಸಂಜೆ ಖರ್ಜೂರದಲ್ಲಿ ಮತ್ತೆ ಪೊಟ್ಯಾಸಿಯಂ. “ರಂಜಾನ್ ಶುಭಾಶಯ, ರೋಜಾ ಇದ್ದೀರಾ?” ಎಂದು ಮೊದಲೇ ಪ್ರೀತಿಯಿಂದ ಕೇಳಿದರೆ ನಿಜ ಹೇಳುತ್ತಾರೆ. ಡಾಕ್ಟರ್ ಜೊತೆ ಕೂರಿಸಿ ಮಾತಾಡಿಸಬಹುದು.

ಆ ಅಮ್ಮ ಕೆಲವು ವಾರಗಳ ನಂತರ ಹೊಸ ದಾರ ಕಟ್ಟಿಸಿಕೊಂಡು ಬಂದರು, ಬಲಗೈಗೆ. ನಾನು ಎಡಗೈ ಮುಟ್ಟಿ ನೋಡಿದೆ. ಚರ್ಮದಡಿ ರಕ್ತ ಜುಮ್ಮೆನ್ನುತ್ತಾ ಹರಿಯುತ್ತಿತ್ತು.