ಬೆಟ್ಟದ ಮೇಲಿನ ಕೆರೆ: ನಾಲ್ಕನೆಯ ನಡಿಗೆಯ ಟಿಪ್ಪಣಿ

ಕೋಲಾರ ಪೇಟೆಯ ಪಶ್ಚಿಮಕ್ಕೆ ಗೋಡೆಯಂತೆ ನಿಂತಿರುವ ಶತಶೃಂಗ ಬೆಟ್ಟದ ನೆತ್ತಿಯಲ್ಲಿ ಒಂದು ಸಣ್ಣ ಕೆರೆಯಿದೆ. ಎರಡು ಮೂರು ತಿಂಗಳಿಗೊಮ್ಮೆ ಅಲ್ಲಿಗೆ ನಡೆದುಹೋಗಿ ನೀರಿನ ಮಟ್ಟವನ್ನು ಬರೆದಿಡಬೇಕೆಂದು ಕಳೆದ ಜುಲೈನಲ್ಲಿ ಹಿಡಿದ ಹವ್ಯಾಸ ಫೆಬ್ರುವರಿ 16ರ ಭಾನುವಾರಕ್ಕೆ ನಾಲ್ಕನೆಯ ನಡಿಗೆಯನ್ನು ಮುಗಿಸಿತು. ಈ ಸಲದ ಮುಖ್ಯ ಸುದ್ದಿಯೆಂದರೆ, ಇದುವರೆಗಿನ ನನ್ನ ಅಳತೆಗಳಲ್ಲಿ ಒಂದನ್ನೂ ನಂಬುವಂತಿಲ್ಲ ಎಂಬುದು.

ಕೆಳಗೆ ಇಷ್ಟೊಂದು ಕೆರೆಗಳಿರುವಾಗ ಬೆಟ್ಟ ಹತ್ತುವ ಕಷ್ಟವೇಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಕಾರಣ ಸರಳವಾಗಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಲ್ಲಿ ನಮ್ಮ ಜಿಲ್ಲೆಗೆ ಬರಲು ಆರಂಭವಾದ ಮೇಲೆ, ಆ ನೀರು ಹರಿಯುವ ಕೆರೆಗಳನ್ನು ನೋಡಿ ಆ ವರ್ಷದ ಮಳೆ ಹೇಗಿತ್ತೆಂದು ಹೇಳಲಾಗುವುದಿಲ್ಲ. ಬೆಟ್ಟದ ಮೇಲಕ್ಕೆ ಆ ನೀರು ಹತ್ತುವುದಿಲ್ಲ. ಅಲ್ಲಿನ ಕೆರೆಗೆ ಮಳೆಯೊಂದೇ ಗತಿ. ಸುತ್ತಲಿನ ಬೋಳುಬಂಡೆಗಳು ನೀರನ್ನು ಹೆಚ್ಚು ಹೀರದೆ ಜಾರಿಸಿಬಿಡುವುದರಿಂದ, ಒಂದೇ ಒಂದು ಜೋರು ಮಳೆಗೂ ಕೆರೆ ಏರುವುದು ಕಣ್ಣಿಗೆ ಕಾಣುತ್ತದೆ.

ಬೆಳಿಗ್ಗೆ ಆರೂಕಾಲಕ್ಕೆ ಅಂತರಗಂಗೆಯ ಮೆಟ್ಟಿಲು ಹತ್ತತೊಡಗಿದೆವು. ಜೊತೆಗೆ ದ್ವಿತೀಯ ಪಿಯುಸಿ ಓದುತ್ತಿರುವ ಅಕ್ಕನ ಮಗನಿದ್ದ. ಪರೀಕ್ಷೆ ಹತ್ತಿರವಿದ್ದರೂ ಹಟ ಹಿಡಿದು ಬಂದವನು. ಶಿವರಾತ್ರಿಗೆ ಇನ್ನೂ ಹತ್ತು ದಿನವಿದ್ದುದರಿಂದ ಕಾಶಿ ವಿಶ್ವೇಶ್ವರ ದೇವಸ್ಥಾನದ ಬಳಿ ಜನ ವಿರಳವಾಗಿದ್ದರು. ಕೋತಿಗಳಿಗೆ ಮಾತ್ರ ಹಬ್ಬ, ಹುಣ್ಣಿಮೆಗಳ ಲೆಕ್ಕವಿಲ್ಲವಾದ್ದರಿಂದ ಅವರೆಕಾಳಿನ ಉಪ್ಪಿಟ್ಟಿನ ಡಬ್ಬಿಯನ್ನು ಚೀಲದ ತಳಕ್ಕೆ ಸೇರಿಸಿದ್ದೆವು. ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಡಿಸೆಂಬರಿನಲ್ಲಿ ಕಂಡಷ್ಟೇ ದಪ್ಪವಾಗಿತ್ತೆಂದು ನನಗೆ ತೋರಿತು. ಕ್ಯಾನ್ ಹಿಡಿದು ನಿಂತಿದ್ದ ಹೆಂಗಸೊಬ್ಬರು, ಬೇಸಿಗೆಯಲ್ಲೂ ಇದು ನಿಂತದ್ದನ್ನು ತಾವು ನೋಡಿಲ್ಲವೆಂದರು. ಬಂಡೆಯ ಬಿರುಕುಗಳೊಳಗೆ ಇಳಿದ ಮಳೆನೀರು ನಿಧಾನವಾಗಿ ಸಾಗಿ ತಿಂಗಳುಗಟ್ಟಲೆ ತಡವಾಗಿ ಹೊರಬರುವುದರಿಂದ ಇಂತಹ ಬುಗ್ಗೆಗಳು ಮಳೆ ನಿಂತ ಮೇಲೂ ಹರಿಯುತ್ತವೆ. ಮೇಲಿನ ಕೆರೆಯಿಂದ ಜಿನುಗುವ ನೀರಿಗೂ ಇದರಲ್ಲಿ ಪಾಲಿದೆಯೇ ಎಂಬ ಪ್ರಶ್ನೆಯೇ ನನ್ನನ್ನು ಈ ಹವ್ಯಾಸಕ್ಕೆ ಎಳೆದದ್ದು.

ದೇವಸ್ಥಾನ ದಾಟಿದ ಮೇಲೆ ಮೆಟ್ಟಿಲುಗಳಿಲ್ಲ. ಒಂದರ ಮೇಲೊಂದು ಪೇರಿಸಿದಂತಿರುವ ಗುಂಡುಗಳ ನಡುವೆ ನುಸುಳಿ, ಲಂಟಾನದ ಪೊದೆಗಳಲ್ಲಿ ತೋಳು ಪರಚಿಸಿಕೊಂಡು, ಒಮ್ಮೆ ದಾರಿ ತಪ್ಪಿ ಮುಕ್ಕಾಲು ಗಂಟೆ ಕಳೆದುಕೊಂಡು ನೆತ್ತಿ ಮುಟ್ಟಿದೆವು. ಮೊದಲ ಸಲ ಬರುವವರನ್ನು ಇಲ್ಲಿನ ನೋಟ ಬೆರಗುಗೊಳಿಸುತ್ತದೆ, ಏಕೆಂದರೆ ಶಿಖರದ ಬದಲು ಅಲ್ಲಿ ಹೊಲಗಳಿವೆ, ತೇರಹಳ್ಳಿಯಂತಹ ಊರುಗಳಿವೆ, ರಾಗಿ ಹುಲ್ಲಿನ ಮೆದೆಗಳಿವೆ. ತಿರುಗಿ ನೋಡಿದರೆ ಕೋಲಾರವೂ ಕೋಲಾರಮ್ಮನ ಕೆರೆಯೂ ಮಂಜಿನೊಳಗೆ ತೆಳುವಾಗಿ ಕಂಡವು.

ಕೆರೆ ಏರಿಯ ಮೇಲೆ ನಿಂತಾಗ ಒಂಬತ್ತೂವರೆ. ನೀರು ಅಲುಗದೆ ನಿಂತಿತ್ತು. ಎದುರು ದಡದ ಬಂಡೆಗಳು ತಲೆಕೆಳಗಾಗಿ ಅದರೊಳಗೆ ಬಿದ್ದಿದ್ದವು. ನಡುವೆ ಗುಳುಮುಳುಕ ಹಕ್ಕಿಗಳೆರಡು ಮುಳುಗಿ, ನಾವು ಊಹಿಸಿದ ಜಾಗ ಬಿಟ್ಟು ಬೇರೆಲ್ಲೋ ಏಳುತ್ತಿದ್ದವು.

ಇನ್ನು ಅಳತೆಯ ವಿಚಾರ. ಜುಲೈನಲ್ಲಿ ನಾನು ಟೊಮೆಟೊ ಗಿಡಕ್ಕೆ ಊರುವ ನೀಲಗಿರಿ ಕೋಲೊಂದಕ್ಕೆ ಸೆಂಟಿಮೀಟರ್ ಗೀಟು ಹಾಕಿ, ದಡದ ಸಮೀಪ ಸುಮಾರು ಒಂದು ಮೊಳದಷ್ಟು ಆಳಕ್ಕೆ ಬಡಿದು ನಿಲ್ಲಿಸಿದ್ದೆ. ಅಕ್ಟೋಬರಿನಲ್ಲಿ ಕೆರೆ ಕೋಡಿ ಬಿದ್ದಾಗ ಅದರ ತುದಿಯಷ್ಟೇ ಕಾಣುತ್ತಿತ್ತು. ಡಿಸೆಂಬರ್ 15ರಂದು 94 ಎಂದು ಬರೆದುಕೊಂಡಿದ್ದೆ. ಈ ಸಲ ಕೋಲು ತೋರಿಸಿದ್ದು 82. ಅರವತ್ತಮೂರು ದಿನಗಳಲ್ಲಿ ಬರೀ 12 ಸೆಂಟಿಮೀಟರ್ ಇಳಿದಿದೆಯೆಂದರೆ ಬಿಸಿಲಿನಲ್ಲಿ ಆವಿಯಾಗುವಷ್ಟೂ ಇಳಿದಿಲ್ಲವೆಂದಾಯಿತು. ನಮ್ಮ ಒಣ ಸೀಮೆಯಲ್ಲಿ ಚಳಿಗಾಲದಲ್ಲೂ ತೆರೆದ ನೀರಿನಿಂದ ದಿನಕ್ಕೆ ಸರಿಸುಮಾರು 4ರಿಂದ 5 ಮಿಲಿಮೀಟರ್ ಆರಿಹೋಗುತ್ತದೆ. ನಾನು ಕೆರೆಗೆ ಯಾವುದೋ ಒರತೆಯಿರಬೇಕೆಂದು ಸಂಭ್ರಮಪಡುತ್ತಿದ್ದಾಗ ಅಕ್ಕನ ಮಗ ಮೊಬೈಲಿನಲ್ಲಿ ಡಿಸೆಂಬರಿನ ಫೋಟೊ ತೆಗೆದು ಮುಂದೆ ಹಿಡಿದ. ಅದರಲ್ಲಿ ಎಡದಡದ ಬಂಡೆಯ ಮೈಮೇಲೆ ಅಡ್ಡಲಾಗಿ ಹಾಯುವ ಬೆರಳು ದಪ್ಪದ ಬಿಳಿಯ ಬೆಣಚುಕಲ್ಲಿನ ಪಟ್ಟೆಗೆ ನೀರು ಸರಿಯಾಗಿ ತಾಗಿತ್ತು. ಈಗ ಅದೇ ಪಟ್ಟೆಯ ಕೆಳಗೆ ಒಣಗಿದ ಪಾಚಿಯ ಬೂದುಬಣ್ಣದ ಸಿಪ್ಪೆ, ಅದರ ಕೆಳಗೆ ಇನ್ನೂ ಹಸಿಯಾಗಿರುವ ಕಪ್ಪು ಗೆರೆ, ಆಮೇಲೆ ನೀರು. ಗಾರೆ ಕೆಲಸದವರ ಟೇಪು ಹಿಡಿದು ನೋಡಿದರೆ 43 ಸೆಂಟಿಮೀಟರ್.

ದಡದಲ್ಲಿ ದನ ಮೇಯಿಸುತ್ತಿದ್ದ ಅಜ್ಜ ಇದನ್ನೆಲ್ಲ ನೋಡುತ್ತ ಕುಳಿತಿದ್ದರು. ತಮ್ಮ ತಮ್ಮಲ್ಲಿ ತೆಲುಗು ಆಡಿಕೊಳ್ಳುವ ಇಲ್ಲಿನ ಹಿರಿಯರಂತೆ ಅವರ ಕನ್ನಡಕ್ಕೂ ಆ ರಾಗವಿತ್ತು. "ಎಮ್ಮೆಗಳು ಮೈ ಉಜ್ಜಿಕೊಳ್ತವೆ ಸಾಮಿ, ಆ ಕೋಲು ನಿಂತಲ್ಲಿ ನಿಲ್ತದಾ?" ಎಂದರು. ಮೊಣಕಾಲುದ್ದ ನೀರಿಗಿಳಿದು ಕಿತ್ತು ನೋಡಿದಾಗ ಕೋಲಿಗೆ ಒಂದೂವರೆ ಮೊಳಕ್ಕೂ ಮೀರಿ ಹೂಳು ಮೆತ್ತಿತ್ತು. ನೀರು ಇಳಿದಂತೆ ಕೋಲೂ ಹೂಳಿನೊಳಗೆ ಇಳಿಯುತ್ತ ಬಂದಿತ್ತು. ಅದು ಯಾವ ತಿಂಗಳಲ್ಲಿ ಎಷ್ಟು ಇಳಿಯಿತೆಂದು ಈಗ ತಿಳಿಯುವಂತಿಲ್ಲವಾದ್ದರಿಂದ ಜುಲೈ ಮತ್ತು ಅಕ್ಟೋಬರಿನ ಅಂಕಿಗಳನ್ನು ಪುಸ್ತಕದಲ್ಲಿ ಹೊಡೆದುಹಾಕಿದ್ದೇನೆ. ಫೋಟೊ ಇರುವುದರಿಂದ ಡಿಸೆಂಬರಿನ ಮಟ್ಟವೊಂದು ಉಳಿದುಕೊಂಡಿತು.

ಇನ್ನು ಮುಂದೆ ಬೆಣಚುಪಟ್ಟೆಯೇ ಸೊನ್ನೆ. ಅಲ್ಲಿಂದ ಕೆಳಕ್ಕೆ ಟೇಪು. ಬಂಡೆಗೆ ಬಣ್ಣದ ಗೀಟು ಹಾಕೋಣವೆಂದು ಹುಡುಗ ಹೇಳಿದ್ದಕ್ಕೆ ನಾನು ಒಪ್ಪಲಿಲ್ಲ. ಬಂದವರೆಲ್ಲ ಹೆಸರು ಬರೆದು ಕೆಡಿಸಿರುವ ಬಂಡೆಗಳು ದಾರಿಯುದ್ದಕ್ಕೂ ಸಾಕಷ್ಟಿವೆ.

ಹೊಸ ಲೆಕ್ಕದ ಪ್ರಕಾರ 43ರಲ್ಲಿ 25ರಿಂದ 32 ಸೆಂಟಿಮೀಟರ್ ಆವಿಯ ಪಾಲು. ಉಳಿದ 11ರಿಂದ 18 ಸೆಂಟಿಮೀಟರ್ ಜಿನುಗಿತೆಂದು ಬರೆಯಲು ಕೈ ಹೋಗುವಷ್ಟರಲ್ಲಿ ಕೋಡಿಯ ಪಕ್ಕದಿಂದ ಡೀಸೆಲ್ ಪಂಪಿನ ಸದ್ದು ಕೇಳಿಸಿತು. ಯಾರದೋ ಟೊಮೆಟೊ ಮಡಿಗೆ ಕೆರೆಯ ನೀರು ಹೋಗುತ್ತಿತ್ತು. ಪಂಪು ವಾರಕ್ಕೆ ಎಷ್ಟು ಗಂಟೆ ಓಡುತ್ತದೆಂದು ತಿಳಿಯದೆ ಜಿನುಗಿನ ಲೆಕ್ಕ ಹಾಕಲು ಬರುವುದಿಲ್ಲ. ಏಪ್ರಿಲ್ ನಡಿಗೆಯಲ್ಲಿ ಆ ರೈತರನ್ನು ಕಂಡು ಕೇಳಬೇಕು; ಅಂತರಗಂಗೆಯ ನೀರಿಗೂ ಐದು ಲೀಟರ್ ಕ್ಯಾನ್ ಮತ್ತು ಗಡಿಯಾರ ಹಿಡಿಯಬೇಕು, ಏಕೆಂದರೆ ದಾರೆಯ ದಪ್ಪದ ವಿಷಯದಲ್ಲಿ ನನ್ನ ಕಣ್ಣಳತೆಯನ್ನು ಈಗ ನಾನೇ ನಂಬುತ್ತಿಲ್ಲ.

ಉಪ್ಪಿಟ್ಟು ತಿಂದು ಹನ್ನೊಂದೂವರೆಗೆ ಇಳಿಯತೊಡಗಿದೆವು. ಕಿತ್ತ ಕೋಲನ್ನು ಅಜ್ಜ ನೀರಿನಲ್ಲಿ ತೊಳೆದು, ಗೀಟುಗಳನ್ನೊಮ್ಮೆ ತಿರುಗಿಸಿ ನೋಡಿ, ಟೊಮೆಟೊ ಮಡಿಯವರಿಗೆ ಕೊಡುತ್ತೇನೆಂದು ಹೆಗಲ ಮೇಲಿಟ್ಟುಕೊಂಡು ಹೋದರು.